ತುಮಕೂರು, ಕೋಲಾರದಿಂದಲೇ ಜಾಗತಿಕ ಮಾಧ್ಯಮ ಇತಿಹಾಸ: ಬೋಧನೆ ಮತ್ತು ಸಂಶೋಧನೆಯ ವೃತ್ತಿಗೆ ಸಮಗ್ರ ಮಾರ್ಗದರ್ಶಿ

ಪತ್ರಿಕೋದ್ಯಮದ ಎಂ.ಎ. ತರಗತಿಗಳಲ್ಲಿ ಸುದ್ದಿ ಬರೆಯುವುದಕ್ಕಿಂತ ಸುದ್ದಿ ಎಂಬ ವ್ಯವಸ್ಥೆ ಹೇಗೆ ಬೆಳೆಯಿತು ಎಂಬುದರಲ್ಲೇ ಹೆಚ್ಚು ಆಸಕ್ತಿ ತೋರುವ ವಿದ್ಯಾರ್ಥಿಗಳು ಒಬ್ಬಿಬ್ಬರಾದರೂ ಇರುತ್ತಾರೆ. ಇತಿಹಾಸ ವಿಭಾಗದಲ್ಲಿಯೂ ಅಷ್ಟೇ: ಕದನ, ಒಪ್ಪಂದಗಳ ಆಚೆಗೆ ಪತ್ರಿಕೆ, ತಂತಿ (ಟೆಲಿಗ್ರಾಫ್), ರೇಡಿಯೋ, ಸಿನಿಮಾಗಳ ಕಡೆ ಗಮನ ಹರಿಸುವವರು ಕೆಲವರಿದ್ದಾರೆ. ಅಂಥವರು ಈ ಆಸಕ್ತಿಯನ್ನೇ ವೃತ್ತಿಯಾಗಿ ಮಾಡಿಕೊಳ್ಳಬಹುದೇ, ಮಾಡಿಕೊಳ್ಳುವುದಾದರೆ ಯಾವ ಹಂತದಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನಾದರೂ, ನಿಯಮಗಳ ಭಾಗ ರಾಜ್ಯದ ಉಳಿದವರಿಗೂ ಅನ್ವಯಿಸುತ್ತದೆ.

ಈ ಬರಹದ ಉದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ ಮಾತು. ಜಾಗತಿಕ ಮಾಧ್ಯಮ ಇತಿಹಾಸವೆಂದರೆ ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳ ಇತಿಹಾಸವಲ್ಲ. ಗಡಿ ದಾಟಿ ಸುದ್ದಿ, ತಂತ್ರಜ್ಞಾನ, ಬಂಡವಾಳ ಮತ್ತು ಕಾನೂನು ಹೇಗೆ ಓಡಾಡಿದವು ಎಂಬುದರ ಇತಿಹಾಸ. ಆದ್ದರಿಂದ ಒಂದು ತುದಿ ನಮ್ಮ ಜಿಲ್ಲೆಯಲ್ಲೂ ಇನ್ನೊಂದು ತುದಿ ಸಮುದ್ರದಾಚೆಗೂ ಇರುವ ಪ್ರಶ್ನೆಯನ್ನು ಹಿಡಿದವರು ಈ ಕ್ಷೇತ್ರದಲ್ಲಿ ನೆಲೆ ಕಂಡುಕೊಳ್ಳುತ್ತಾರೆ. ಹೊರಗಿನ ತುದಿಯನ್ನು ಮಾತ್ರ ಹಿಡಿದವರು ವಿದೇಶದ ವಿದ್ವಾಂಸರು ಈಗಾಗಲೇ ಬರೆದದ್ದನ್ನೇ ಕನ್ನಡದಲ್ಲಿ ಮತ್ತೆ ಬರೆಯುತ್ತಾರೆ.

ಹಂತ 1: ವಿಷಯದ ಮುಖ್ಯ ಎಳೆಗಳನ್ನು ಗಟ್ಟಿ ಮಾಡಿಕೊಳ್ಳಿ

ಪ್ರವೇಶ ಪರೀಕ್ಷೆಗೂ ಮುಂದಿನ ಸಂಶೋಧನೆಗೂ ಬೇಕಾಗುವ ಕೆಲವು ಎಳೆಗಳಿವೆ. ಮೊದಲನೆಯದು ಸುದ್ದಿಸಂಸ್ಥೆಗಳದು. ಪ್ಯಾರಿಸ್ಸಿನ ಹಾವಾಸ್ 1835ರಲ್ಲಿ, ಬರ್ಲಿನ್ನಿನ ವೋಲ್ಫ್ 1849ರಲ್ಲಿ, ಲಂಡನ್ನಿನ ರಾಯಿಟರ್ಸ್ 1851ರಲ್ಲಿ ಆರಂಭವಾದವು. 1870ರಲ್ಲಿ ಈ ಮೂರೂ ಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಸುದ್ದಿ ಸಂಗ್ರಹ ಮತ್ತು ಮಾರಾಟಕ್ಕಾಗಿ ಜಗತ್ತನ್ನೇ ಹಂಚಿಕೊಂಡವು. ಬ್ರಿಟಿಷ್ ಸಾಮ್ರಾಜ್ಯವೂ ಪೂರ್ವ ಏಷ್ಯಾದ ಬಹುಭಾಗವೂ ರಾಯಿಟರ್ಸ್ ಪಾಲಾದವು. ಈ ಕೂಟ 1934ರವರೆಗೆ ಒಂದಿಲ್ಲೊಂದು ರೂಪದಲ್ಲಿ ಉಳಿಯಿತು. ಅಷ್ಟು ವರ್ಷ ಮೈಸೂರಿನ ಓದುಗರಿಗೆ ಫ್ರಾನ್ಸ್ ಅಥವಾ ಜಪಾನಿನ ಸುದ್ದಿ ಬಹುತೇಕ ಲಂಡನ್ನಿನ ಕೈ ದಾಟಿಯೇ ಬರುತ್ತಿತ್ತು ಎಂಬುದನ್ನು ಅರಿಯದೆ ಆ ಕಾಲದ ಕನ್ನಡ ಪತ್ರಿಕೆಗಳ ವಿದೇಶಿ ಸುದ್ದಿಯನ್ನು ಅರ್ಥಮಾಡಿಕೊಳ್ಳಲಾಗದು.

ಎರಡನೆಯ ಎಳೆ ತಂತಿಯದು. ಭಾರತದಲ್ಲಿ ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ 1851ರಲ್ಲಿ ಮೊದಲ ತಂತಿಮಾರ್ಗ ಸಿದ್ಧವಾಯಿತು. 1865ರಲ್ಲಿ ಪರ್ಷಿಯನ್ ಕೊಲ್ಲಿಯ ಮೂಲಕ ಯುರೋಪಿಗೆ ಸಂಪರ್ಕ ದೊರೆಯಿತು. 1870ರಲ್ಲಿ ಬೊಂಬಾಯಿಯಿಂದ ಸೂಯೆಜ್ ಮಾರ್ಗವಾಗಿ ಬ್ರಿಟನ್ನಿಗೆ ಸಮುದ್ರದಡಿಯ ಕೇಬಲ್ ತಲುಪಿತು. ಆ ಕೇಬಲ್ ಬ್ರಿಟನ್ನಿನ ದಡ ಸೇರಿದ್ದು ಕಾರ್ನ್‌ವಾಲ್ ಪ್ರಾಂತ್ಯದ ಪೋರ್ಥ್‌ಕರ್ನೊ ಎಂಬ ಸಣ್ಣ ಕಡಲತೀರದಲ್ಲಿ. ಕಾರ್ನ್‌ವಾಲ್ ಎಂಬ ಈ ಹೆಸರನ್ನು ನೆನಪಿನಲ್ಲಿಡಿ. ಕೋಲಾರದ ಪ್ರಸ್ತಾಪ ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಮೂರನೆಯದು ಪ್ರಸಾರದ ಎಳೆ. ಬಿಬಿಸಿಯ ಎಂಪೈರ್ ಸರ್ವೀಸ್ 1932ರಲ್ಲಿ ಆರಂಭವಾಯಿತು. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ತೆರೆದರು. ಮುಂದೆ 1975 ಮತ್ತು 1976ರ ನಡುವಿನ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ತಲುಪಿಸಿದ ‘ಸೈಟ್’ ಪ್ರಯೋಗ ನಡೆಯಿತು. ನಾಲ್ಕನೆಯದು ಇವೆಲ್ಲದರ ಮೇಲೆ ಎದ್ದ ರಾಜಕೀಯ ವಾದದ ಎಳೆ: ಸುದ್ದಿಯ ಹರಿವು ಏಕಮುಖವಾಗಿದೆ ಎಂದು ಅಲಿಪ್ತ ದೇಶಗಳು ಎತ್ತಿದ ದನಿ, ಯುನೆಸ್ಕೋ ನೇಮಿಸಿದ ಮೆಕ್‌ಬ್ರೈಡ್ ಆಯೋಗ, 1980ರಲ್ಲಿ ಬಂದ ಅದರ ವರದಿ, 1984ರ ಕೊನೆಗೆ ಅಮೆರಿಕ ಯುನೆಸ್ಕೋದಿಂದ ಹೊರನಡೆದದ್ದು. ಈ ಆಯೋಗದಲ್ಲಿ ಭಾರತದಿಂದ ಪತ್ರಕರ್ತ ಬಿ.ಜಿ. ವರ್ಗೀಸ್ ಸದಸ್ಯರಾಗಿದ್ದರು. ವರದಿಯ ಪೂರ್ಣಪಾಠ ಯುನೆಸ್ಕೋದ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ದೊರೆಯುತ್ತದೆ. ಗೈಡ್ ಪುಸ್ತಕಗಳಲ್ಲಿನ ಅರ್ಧ ಪುಟದ ಸಾರಾಂಶ ಬಿಟ್ಟು ಮೂಲವನ್ನೇ ಓದಿ.

ಹಂತ 2: ನಿಮ್ಮ ಜಿಲ್ಲೆಯಲ್ಲಿ ಪ್ರಶ್ನೆಯನ್ನು ಹುಡುಕಿ

ಇಡೀ ವೃತ್ತಿಯಲ್ಲಿ ಹೆಚ್ಚು ಕಾಲ ಕೊಡಬೇಕಾದ ಹಂತ ಇದು. ಬಹುತೇಕರು ಇದನ್ನು ಒಂದು ವಾರದಲ್ಲಿ ಮುಗಿಸಿ, ‘ಕನ್ನಡ ಪತ್ರಿಕೋದ್ಯಮ: ಒಂದು ಅಧ್ಯಯನ’ ಎಂಬಂತಹ ತುದಿಮೊದಲಿಲ್ಲದ ಶೀರ್ಷಿಕೆ ಬರೆದು ಸಿನಾಪ್ಸಿಸ್ (ಸಂಶೋಧನಾ ಪ್ರಸ್ತಾವ) ಕೊಟ್ಟುಬಿಡುತ್ತಾರೆ.

ಕೋಲಾರ ಚಿನ್ನದ ಗಣಿಯಿಂದಲೇ ಆರಂಭಿಸೋಣ. 1880ರ ದಶಕದಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಗಣಿಗಳನ್ನು ನಡೆಸಿತು; ಕಾರ್ನ್‌ವಾಲ್‌ನಿಂದ ಅನುಭವಿ ಗಣಿಗಾರರು ಬಂದರು. ಷೇರುದಾರರು ಲಂಡನ್ನಿನಲ್ಲಿ, ಚಿನ್ನ ಮಾರಿಕುಪ್ಪಂನ ನೆಲದಾಳದಲ್ಲಿ, ನಡುವೆ ತಂತಿ. ಇಂಥ ಉದ್ಯಮಕ್ಕೆ ಸುದ್ದಿಯೇ ಬಂಡವಾಳದ ಇನ್ನೊಂದು ಮುಖ. ಎಷ್ಟು ಚಿನ್ನ ತೆಗೆದರು, ಎಲ್ಲಿ ಅಪಘಾತವಾಯಿತು, ಯಾವಾಗ ಮುಷ್ಕರ ನಡೆಯಿತು ಎಂಬ ಮಾಹಿತಿ ಯಾರಿಗೆ ಮೊದಲು ತಲುಪಿತು, ಯಾರಿಗೆ ತಲುಪಲೇ ಇಲ್ಲ ಎಂಬುದು ಡಾಕ್ಟರೇಟ್ ಮಟ್ಟದ ಪ್ರಶ್ನೆ. ಅದೇ ಕೆಜಿಎಫ್‌ಗೆ ಇನ್ನೊಂದು ಪತ್ರಿಕಾ ಲೋಕವೂ ಇತ್ತು. ತಮಿಳು ದಲಿತ ಬೌದ್ಧ ಚಿಂತಕ ಅಯೋತಿದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ‘ತಮಿಳನ್’ ವಾರಪತ್ರಿಕೆಗೆ ಗಣಿ ಕಾರ್ಮಿಕರಲ್ಲಿ ಓದುಗರಿದ್ದರು. ಅವರ ಕಾಲಾನಂತರ ಪತ್ರಿಕೆ ಕೆಲವು ವರ್ಷ ಕೆಜಿಎಫ್‌ನಿಂದಲೇ ಹೊರಬಂತು. ಅವರ ಬೌದ್ಧ ಸಂಘದ ಶಾಖೆಗಳು ಬರ್ಮಾ ಮತ್ತು ದಕ್ಷಿಣ ಆಫ್ರಿಕಾದಲ್ಲಿಯೂ ಇದ್ದವು. ಒಂದೇ ಊರಿನಲ್ಲಿ ಲಂಡನ್ನಿನ ಷೇರು ಪೇಟೆಯ ವರದಿಯೂ, ರಂಗೂನಿನವರೆಗೆ ನಂಟು ಹೊಂದಿದ್ದ ದಲಿತ ಬೌದ್ಧರ ಪತ್ರಿಕೆಯೂ ಓಡಾಡುತ್ತಿದ್ದವು ಎಂದಮೇಲೆ ಜಾಗತಿಕ ಇತಿಹಾಸಕ್ಕೆ ಬೇರೆ ಊರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ತುಮಕೂರಿನವರಿಗೆ ಗುಬ್ಬಿ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯನ್ನು ಬೆಳೆಸಿದ ಗುಬ್ಬಿ ವೀರಣ್ಣನವರು 1930ರ ದಶಕದ ಆರಂಭದಲ್ಲಿ ಮೂಕಿಚಿತ್ರಗಳಿಗೂ ಕೈಹಾಕಿದರು. ಆಗ ಭಾರತದಲ್ಲಿ ಕಚ್ಚಾ ಫಿಲ್ಮ್ ತಯಾರಾಗುತ್ತಿರಲಿಲ್ಲ. ಫಿಲ್ಮ್, ಕ್ಯಾಮೆರಾ ಎಲ್ಲವೂ ಹಡಗಿನಲ್ಲಿ ಬರುತ್ತಿದ್ದವು. ಕನ್ನಡ ರಂಗಭೂಮಿಯ ಹಣ ಆ ಜಾಗತಿಕ ವ್ಯಾಪಾರವನ್ನು ಹೇಗೆ ಸೇರಿತು ಎಂದು ಕೇಳಿಕೊಂಡರೆ ಲೆಕ್ಕಪುಸ್ತಕ, ಪರವಾನಗಿ, ಜಾಹೀರಾತುಗಳೇ ಆಕರಗಳಾಗುತ್ತವೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು 1913ರಲ್ಲಿ ಆರಂಭಿಸಿದ ಇಂಗ್ಲಿಷ್ ಪತ್ರಿಕೆ ‘ಕರ್ನಾಟಕ’ವನ್ನೂ, ಅದಕ್ಕೆ ಮುಂಚೆ 1908ರಲ್ಲಿ ಮೈಸೂರು ಸರ್ಕಾರ ತಂದ ಪತ್ರಿಕಾ ನಿರ್ಬಂಧ ಕಾನೂನನ್ನೂ ಬ್ರಿಟಿಷ್ ಸಾಮ್ರಾಜ್ಯದ ಇತರ ಭಾಗಗಳ ಪತ್ರಿಕಾ ಕಾನೂನುಗಳೊಂದಿಗೆ ಹೋಲಿಸಿ ನೋಡಬಹುದು.

ನನಗೆ ಎಲ್ಲಕ್ಕಿಂತ ಫಲವತ್ತಾಗಿ ಕಾಣುವುದು ಬೂದಿಕೋಟೆಯ ಉದಾಹರಣೆ. ಬಂಗಾರಪೇಟೆ ತಾಲ್ಲೂಕಿನ ಈ ಊರಿನಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ 2000ದ ದಶಕದ ಆರಂಭದಲ್ಲಿ, ವಾಯ್ಸಸ್ ಮತ್ತು ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಗಳ ಪ್ರಯತ್ನದಿಂದ, ಯುನೆಸ್ಕೋ ನೆರವಿನೊಂದಿಗೆ ಶುರುವಾಯಿತು. ಹಳ್ಳಿಯವರಿಗೆ ಗಾಳಿಯಲ್ಲಿ ಪ್ರಸಾರ ಮಾಡಲು ಆಗ ಪರವಾನಗಿ ಸಿಗುತ್ತಿರಲಿಲ್ಲ. ಹೀಗಾಗಿ ಊರಿನವರೇ ಧ್ವನಿಮುದ್ರಿಸಿದ ಕಾರ್ಯಕ್ರಮಗಳು ಕೇಬಲ್ ಟಿ.ವಿ. ತಂತಿಯ ಮೂಲಕ ಮನೆಗಳನ್ನು ಸೇರಿದವು. ಇದರ ಹಿಂದಿನ ಕೊಂಡಿಯನ್ನು ಗಮನಿಸಿ. 1993ರಲ್ಲಿ ನಡೆದ ಹೀರೋ ಕಪ್ ಕ್ರಿಕೆಟ್ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು ಬಂಗಾಳ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಯೊಂದಕ್ಕೆ ಕೊಟ್ಟಿತು. ಕೇಂದ್ರ ಸರ್ಕಾರ ಆಕ್ಷೇಪಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ನ್ಯಾಯಾಲಯ 1995ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಕ್ರಿಕೆಟ್ಟಿನ ಹಣಕ್ಕಾಗಿ ಹೂಡಿದ ಮೊಕದ್ದಮೆಯ ಈ ಮಾತನ್ನು ಸಮುದಾಯ ಬಾನುಲಿಗಾಗಿ ಹೋರಾಡುತ್ತಿದ್ದವರು ಆಧಾರವಾಗಿ ಹಿಡಿದರು. 1996ರಲ್ಲಿ ಬೆಂಗಳೂರಿನಲ್ಲಿ ಸಭೆ ಸೇರಿ ಘೋಷಣೆ ಹೊರಡಿಸಿದರು. ಕೊನೆಗೆ 2006ರ ನೀತಿಯಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಪರವಾನಗಿಯ ಬಾಗಿಲು ತೆರೆಯಿತು. ಮೆಕ್‌ಬ್ರೈಡ್ ವರದಿಯ ಕಾಲದ ಯುನೆಸ್ಕೋ, ಉದಾರೀಕರಣದ ನಂತರದ ಉಪಗ್ರಹ ಟಿ.ವಿ., ದೆಹಲಿಯ ನ್ಯಾಯಾಲಯ, ಬಂಗಾರಪೇಟೆಯ ಸ್ವಸಹಾಯ ಸಂಘ ಎಲ್ಲವೂ ಒಂದೇ ಕಥನದಲ್ಲಿ ಬರುತ್ತವೆ. ಆ ಕಾಲದಲ್ಲಿ ಧ್ವನಿಮುದ್ರಣ ಮಾಡಿದವರನ್ನು ಮಾತನಾಡಿಸಲು ಕೋಲಾರದ ಸಂಶೋಧಕರಿಗೆ ಇರುವ ಅನುಕೂಲ ವಿದೇಶದಿಂದ ಬಂದವರಿಗೆ ಇರದು. ಆದರೆ ವಯಸ್ಸು ಯಾರಿಗೂ ಕಾಯುವುದಿಲ್ಲ. ಮೌಖಿಕ ಇತಿಹಾಸದ ಕೆಲಸವನ್ನು ಪಿಎಚ್.ಡಿ. ನೋಂದಣಿಗೆ ಮುಂಚೆಯೇ, ಎಂ.ಎ. ಪ್ರಬಂಧದ ಹೆಸರಿನಲ್ಲಿಯೇ ಶುರುಮಾಡಿ.

ಹಂತ 3: ಮನೆಯಲ್ಲೇ ಕುಳಿತು ಒಂದು ಸುದ್ದಿಯನ್ನು ಹಿಂಬಾಲಿಸಿ

ಆಸಕ್ತಿ ನಿಜವೋ ಅಲ್ಲವೋ ಎಂದು ತಿಳಿಯಲು ಈ ಅಭ್ಯಾಸಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಅಮೆರಿಕದ ಕ್ರಾನಿಕ್ಲಿಂಗ್ ಅಮೆರಿಕ ಈ ಮೂರೂ ಹಳೆಯ ಪತ್ರಿಕೆಗಳ ಉಚಿತ ಡಿಜಿಟಲ್ ಭಂಡಾರಗಳು. ಮೊಬೈಲಿನಲ್ಲಿಯೂ ತೆರೆಯುತ್ತವೆ. ಊರಿನ ಹೆಸರನ್ನು ಹುಡುಕುವಾಗ ಇಂದಿನ ಕಾಗುಣಿತವಷ್ಟೇ ಸಾಲದು; ಬ್ರಿಟಿಷರು ತುಮಕೂರನ್ನು ಟೂಮ್‌ಕೂರ್ ಎಂದೂ, ಕೋಲಾರದ ಮೊದಲಕ್ಷರವನ್ನು ಕೆ ಬದಲು ಸಿ ಹಾಕಿಯೂ ಬರೆದಿದ್ದಾರೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ಧ್ವಜ ಸತ್ಯಾಗ್ರಹದ ಸಂದರ್ಭದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ವಿಷಯದಲ್ಲಿ ಅಂದಿನ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇಂದಿಗೂ ತಾಳೆಯಾಗುವುದಿಲ್ಲ. ಈ ಒಂದೇ ಸುದ್ದಿಯನ್ನು ತೆಗೆದುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಆರು ಅಂಕಣ ಎಳೆದು, ಪತ್ರಿಕೆಯ ಹೆಸರು ಮತ್ತು ಊರು, ಅಚ್ಚಾದ ದಿನಾಂಕ, ಸುದ್ದಿಯ ತಲೆಯಲ್ಲಿ ನಮೂದಾದ ಸ್ಥಳ ಮತ್ತು ದಿನಾಂಕ, ಸುದ್ದಿ ಕೊಟ್ಟ ಸಂಸ್ಥೆ, ಸತ್ತವರೆಂದು ಹೇಳಿದ ಸಂಖ್ಯೆ, ಜನರನ್ನು ಕರೆದಿರುವ ಪದ ಇಷ್ಟನ್ನು ತುಂಬಿ. ಕೊನೆಯ ಅಂಕಣ ಬಹಳ ಮುಖ್ಯ: ಸೇರಿದವರನ್ನು ಒಂದು ಪತ್ರಿಕೆ ‘ಗುಂಪು’ ಎನ್ನುತ್ತದೆಯೋ, ‘ದಂಗೆಕೋರರು’ ಎನ್ನುತ್ತದೆಯೋ, ‘ಸತ್ಯಾಗ್ರಹಿಗಳು’ ಎನ್ನುತ್ತದೆಯೋ ನೋಡಿ. ಘಟನೆಯ ದಿನಕ್ಕೂ ಅಚ್ಚಾದ ದಿನಕ್ಕೂ ಇರುವ ಅಂತರವನ್ನು ಲೆಕ್ಕ ಹಾಕಿ. ಎರಡು ಖಂಡಗಳ ಪತ್ರಿಕೆಗಳಲ್ಲಿ ವಾಕ್ಯಗಳು ಪದಶಃ ಒಂದೇ ಆಗಿದ್ದರೆ ಎರಡಕ್ಕೂ ಮೂಲ ಒಂದೇ ತಂತಿವರ್ತಮಾನ ಎಂದು ಊಹಿಸಬಹುದು. ಎಲ್ಲಿ ಒಂದು ವಾಕ್ಯ ಕೈಬಿಟ್ಟಿದ್ದಾರೋ ಅಲ್ಲಿ ಸ್ಥಳೀಯ ಸಂಪಾದಕರ ಕತ್ತರಿ ಆಡಿದೆ. ಯಾವ ಪತ್ರಿಕೆಯಲ್ಲಿಯೂ ಏನೂ ಸಿಗದಿದ್ದರೆ ಅದನ್ನೂ ದಾಖಲಿಸಿ. ಬಳಿಕ ಇದೇ ಘಟನೆಯ ಬಗ್ಗೆ ಮೈಸೂರು ಸಂಸ್ಥಾನದ ಪತ್ರಿಕೆಗಳು, ಸರ್ಕಾರದ ವಿಚಾರಣಾ ಸಮಿತಿಯ ಕಾಗದಪತ್ರಗಳು, ಪಟೇಲ್ ಮತ್ತು ಕೃಪಲಾನಿಯವರು ಮೈಸೂರಿಗೆ ಬಂದಾಗಿನ ವರದಿಗಳನ್ನು ಪಕ್ಕದಲ್ಲಿಟ್ಟು ಓದಿ.

ಇಷ್ಟು ಮಾಡಿ ಹತ್ತು ಪುಟ ಬರೆದರೆ, ಪಿಎಚ್.ಡಿ. ಸಂದರ್ಶನದಲ್ಲಿ ಮೇಜಿನ ಮೇಲಿಡಲು ನಿಮ್ಮದೇ ಆದ ಕೆಲಸವೊಂದು ಸಿದ್ಧವಾಗಿರುತ್ತದೆ.

ಹಂತ 4: ಎಂ.ಎ. ವಿಷಯ, ನೆಟ್ ಮತ್ತು ಕೆ-ಸೆಟ್

ಇಲ್ಲಿ ಒಂದು ಕಟುಸತ್ಯವನ್ನು ಮೊದಲೇ ತಿಳಿದಿರಬೇಕು. ನಮ್ಮ ಪದವಿ ಕಾಲೇಜುಗಳಲ್ಲಿ ‘ಮಾಧ್ಯಮ ಇತಿಹಾಸ’ ಎಂಬ ಹೆಸರಿನ ಹುದ್ದೆ ಇರುವುದಿಲ್ಲ. ನೇಮಕಾತಿ ಆಗುವುದು ಪತ್ರಿಕೋದ್ಯಮದ ಅಥವಾ ಇತಿಹಾಸದ ಸಹಾಯಕ ಪ್ರಾಧ್ಯಾಪಕರಾಗಿ. ಅರ್ಜಿ ಪರಿಶೀಲಿಸುವಾಗ ನಿಮ್ಮ ಸ್ನಾತಕೋತ್ತರ ಪದವಿ ಮತ್ತು ನೆಟ್ (ಅಧ್ಯಾಪಕರಾಗಲು ಬೇಕಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಆ ವಿಷಯದಲ್ಲಿಯೇ ಇವೆಯೇ ಎಂದು ನೋಡುತ್ತಾರೆ. ಎಂ.ಎ. ಇತಿಹಾಸದಲ್ಲಿ, ಪಿಎಚ್.ಡಿ. ಪತ್ರಿಕೋದ್ಯಮದಲ್ಲಿ ಎಂದಾದರೆ ಎರಡೂ ಕಡೆ ತಕರಾರು ಎದುರಾಗಬಹುದು. ಆದ್ದರಿಂದ ಎಂ.ಎ., ನೆಟ್ ಮತ್ತು ಪಿಎಚ್.ಡಿ. ಮೂರನ್ನೂ ಒಂದೇ ವಿಭಾಗದಲ್ಲಿ ಇಟ್ಟುಕೊಂಡು, ಇನ್ನೊಂದು ವಿಭಾಗದ ವಿದ್ಯೆಯನ್ನು ಓದಿನಿಂದ, ಸಹಮಾರ್ಗದರ್ಶಕರಿಂದ ಗಳಿಸಿಕೊಳ್ಳುವುದು ಕ್ಷೇಮ. ಆಕರಗಳನ್ನು ಓದುವ ಶಿಸ್ತು ಇತಿಹಾಸ ವಿಭಾಗದಲ್ಲಿ ಚೆನ್ನಾಗಿ ಸಿಗುತ್ತದೆ. ಹುದ್ದೆಗಳ ಸ್ಪರ್ಧೆ ಅಲ್ಲಿ ಹೆಚ್ಚು. ಪತ್ರಿಕೋದ್ಯಮದಲ್ಲಿ ಅಭ್ಯರ್ಥಿಗಳೂ ಕಡಿಮೆ, ಹುದ್ದೆಗಳೂ ಕಡಿಮೆ. ತುಮಕೂರು ವಿಶ್ವವಿದ್ಯಾಲಯ, ಕೋಲಾರದ ತಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ವಿಶ್ವವಿದ್ಯಾಲಯಗಳ ಆ ವರ್ಷದ ಅಧಿಸೂಚನೆಗಳನ್ನು ತಂದಿಟ್ಟುಕೊಂಡು, ಯಾವ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆ ಎಂದು ಖುದ್ದಾಗಿ ವಿಚಾರಿಸಿದ ಮೇಲೆ ನಿರ್ಧರಿಸಿ.

ನೆಟ್ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಒಂದನೇ ಪತ್ರಿಕೆಗೆ 50 ಪ್ರಶ್ನೆ, ಎರಡನೆಯದಕ್ಕೆ 100 ಪ್ರಶ್ನೆ. ಒಟ್ಟು 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು; ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ. 50 ಸಾಕು. 2024ರಿಂದ ನೆಟ್ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸಲಾಗುತ್ತಿದೆ. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ದೊರೆತವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ ಫೆಲೋಶಿಪ್ ಇದೆ. 2023ರ ಜನವರಿಯಿಂದ ಈ ದರ ಜಾರಿಯಲ್ಲಿದೆ. ಪತ್ರಾಗಾರಗಳನ್ನು ಅಲೆಯಬೇಕಾದ ಈ ಕ್ಷೇತ್ರಕ್ಕೆ ಜೆಆರ್‌ಎಫ್ ಬಹಳ ದೊಡ್ಡ ಆಸರೆ. ಬರಿಯ ಅರ್ಹತೆಗೆ ತೃಪ್ತರಾಗದೆ, ವಯೋಮಿತಿಯೊಳಗೆ ಮತ್ತೊಮ್ಮೆ ಬರೆದಾದರೂ ಅದನ್ನು ಗಳಿಸಲು ಯತ್ನಿಸಿ. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುವುದರಿಂದ ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳನ್ನು ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೂ ಕಲಿತಿರಬೇಕು. ಅಧ್ಯಾಪಕ ಹುದ್ದೆಗೆ ರಾಜ್ಯದ್ದೇ ಆದ ಅರ್ಹತಾ ಪರೀಕ್ಷೆ ಕೆ-ಸೆಟ್ ಅನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಅದರ ಅರ್ಹತೆ ರಾಜ್ಯದೊಳಗಿನ ಹುದ್ದೆಗಳಿಗೆ ಸಾಕು.

ಹಂತ 5: ಮಾರ್ಗದರ್ಶಕರು ಮತ್ತು ಸಂಶೋಧನಾ ಪ್ರಸ್ತಾವ

ಮಾರ್ಗದರ್ಶಕರನ್ನು ಆರಿಸುವ ಮುನ್ನ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಅವರ ಕೈಕೆಳಗೆ ಮುಗಿದ ಪ್ರಬಂಧಗಳನ್ನು ತೆರೆದು ನೋಡಿ. ಆಕರಗಳ ಪಟ್ಟಿಯನ್ನು ಮೊದಲು ಓದಿ: ಅದರಲ್ಲಿ ಪತ್ರಾಗಾರದ ಕಡತಗಳಿವೆಯೇ, ಮೂಲ ಪತ್ರಿಕೆಗಳ ಸಂಚಿಕೆಗಳಿವೆಯೇ, ಇಲ್ಲ ಪಠ್ಯಪುಸ್ತಕಗಳಷ್ಟೇ ಇವೆಯೇ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಇತಿಹಾಸದ ವಿಷಯಕ್ಕೂ ಪ್ರಶ್ನಾವಳಿ ಹಂಚಿ ಶೇಕಡಾವಾರು ಲೆಕ್ಕ ಹಾಕಿಸುವ ಪರಿಪಾಠ ಕೆಲವೆಡೆ ಇನ್ನೂ ಉಳಿದಿದೆ. ಅಂಥಲ್ಲಿ ಸೇರಿದರೆ ನಿಮ್ಮ ಪ್ರಶ್ನೆ ಅರ್ಧ ದಾರಿಯಲ್ಲೇ ಕೈತಪ್ಪುತ್ತದೆ.

ಪ್ರಸ್ತಾವದಲ್ಲಿ ಪ್ರಶ್ನೆ, ಕಾಲಾವಧಿ, ಎರಡೂ ತುದಿಗಳ ಆಕರಗಳು, ಅವು ಎಲ್ಲಿವೆ, ಯಾವ ಭಾಷೆಯಲ್ಲಿವೆ ಎಂಬ ಐದು ಸಂಗತಿಗಳು ಖಚಿತವಾಗಿರಲಿ. ‘1880ರಿಂದ 1930ರವರೆಗೆ ಕೋಲಾರ ಚಿನ್ನದ ಗಣಿಗಳ ಸುದ್ದಿ: ಲಂಡನ್, ಮದರಾಸು ಮತ್ತು ಮೈಸೂರಿನ ಪತ್ರಿಕೆಗಳ ತೌಲನಿಕ ಅಧ್ಯಯನ’ ಎಂಬ ಶೀರ್ಷಿಕೆಯನ್ನು ಓದಿದ ಕೂಡಲೇ ಕೆಲಸದ ಅಳತೆ ಗೊತ್ತಾಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಗಳಂತೆ ಪಿಎಚ್.ಡಿ. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್ ಇರಬೇಕು. ಎಂ.ಫಿಲ್. ಈಗ ಇಲ್ಲ. ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದ್ದಲ್ಲಿ ಬರೆಯಬಹುದು. ಆಗ ಒಂದೆರಡು ಅಧ್ಯಾಯಗಳನ್ನು ಇಂಗ್ಲಿಷ್ ಲೇಖನಗಳಾಗಿಯೂ ಸಿದ್ಧಪಡಿಸಿ, ಏಕೆಂದರೆ ಇನ್ನೊಂದು ತುದಿಯ ವಿದ್ವಾಂಸರಿಗೂ ನಿಮ್ಮ ಕೆಲಸ ತಲುಪಬೇಕು.

ಹಂತ 6: ಪತ್ರಾಗಾರಗಳು ಮತ್ತು ಭಾಷೆಗಳು

ನಮ್ಮ ಮೂರೂ ಜಿಲ್ಲಾ ಕೇಂದ್ರಗಳಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವಷ್ಟು ಹತ್ತಿರದಲ್ಲಿ ಬೆಂಗಳೂರು ಇದೆ. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಮೈಸೂರು ಸಂಸ್ಥಾನದ ಕಡತಗಳಿವೆ; 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ, ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ಬಸವನಗುಡಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇವುಗಳನ್ನೂ ನೋಡಬೇಕು. ಮಾರ್ಗದರ್ಶಕರ ಪತ್ರ, ಗುರುತಿನ ಚೀಟಿ, ಪೆನ್ಸಿಲ್ ಇಟ್ಟುಕೊಂಡು ಹೋಗಿ. ಮೊದಲ ದಿನ ಕಡತ ಕೇಳುವ ಬದಲು ಸೂಚಿಪಟ್ಟಿಯನ್ನೇ ಓದಿ. ‘ಪತ್ರಿಕೆ’ ಎಂಬ ಶೀರ್ಷಿಕೆಯಡಿ ಸಿಗದ ಕಡತ ಪೊಲೀಸ್, ಅಂಚೆ, ಸುಂಕ ಅಥವಾ ಸಾಮಾನ್ಯ ವಿಭಾಗದಲ್ಲಿ ಅಡಗಿರುತ್ತದೆ. ಅಲ್ಲಿನ ಸಿಬ್ಬಂದಿಗೆ ನಿಮ್ಮ ವಿಷಯವನ್ನು ಬಿಡಿಸಿ ಹೇಳಿದರೆ ಸೂಚಿಪಟ್ಟಿ ಹೇಳದ್ದನ್ನು ಅವರು ಹೇಳಬಲ್ಲರು. ತೆಗೆದ ಪ್ರತಿ ಚಿತ್ರಕ್ಕೂ ಅದೇ ಸಂಜೆ ವರ್ಷ, ತಿಂಗಳು, ದಿನ, ಪತ್ರಿಕೆ, ಪುಟ ಈ ಕ್ರಮದಲ್ಲಿ ಹೆಸರು ಕೊಡಿ. ನಾಳೆಗೆ ಬಿಟ್ಟರೆ ಸಾವಿರಾರು ಚಿತ್ರಗಳ ರಾಶಿಯಲ್ಲಿ ಯಾವುದು ಯಾವುದೆಂದು ತಿಳಿಯದು.

ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅನೇಕ ಕಡತಗಳು ಅಭಿಲೇಖ್ ಪಟಲ್ ತಾಣದಲ್ಲಿವೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಸಿನಿಮಾ ಸಂಶೋಧಕರಿಗೆ ಅನಿವಾರ್ಯ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ದೇಶಭಾಷೆಗಳ ಪತ್ರಿಕೆಗಳ ಬಗ್ಗೆ ವಸಾಹತು ಸರ್ಕಾರ ಸಿದ್ಧಪಡಿಸುತ್ತಿದ್ದ ಗುಪ್ತ ಸಾರಾಂಶಗಳಿವೆ. ಮದರಾಸಿನ ಸಾರಾಂಶಗಳಲ್ಲಿ ಕನ್ನಡ ಪತ್ರಿಕೆಗಳೂ ಸೇರಿವೆ. ಮೂಲ ಸಂಚಿಕೆಯೇ ನಾಶವಾಗಿರುವಾಗ ಈ ಸಾರಾಂಶವೊಂದೇ ಸಾಕ್ಷಿಯಾಗಿ ಉಳಿದಿರುತ್ತದೆ. ಆದರೆ ಅದನ್ನು ಬರೆದವರು ಸರ್ಕಾರದ ಅನುವಾದಕರು. ಸರ್ಕಾರಕ್ಕೆ ಅಪಾಯವೆಂದು ಕಂಡದ್ದನ್ನೇ ಆರಿಸಿದ್ದಾರೆ ಎಂಬ ಎಚ್ಚರದಿಂದ ಓದಬೇಕು. 1843ರ ‘ಮಂಗಳೂರ ಸಮಾಚಾರ’ದ ಹಿಂದಿನ ಬಾಸೆಲ್ ಮಿಷನ್ನಿನ ಕಾಗದಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಬಿಬಿಸಿಯ ಲಿಖಿತ ದಾಖಲೆಗಳು ಇಂಗ್ಲೆಂಡಿನ ಕಾವರ್‌ಶಮ್‌ನಲ್ಲಿ, ತಂತಿ ಕಂಪನಿಗಳ ದಾಖಲೆಗಳು ಪೋರ್ಥ್‌ಕರ್ನೊದ ಸಂಗ್ರಹಾಲಯದಲ್ಲಿ ಇವೆ.

ಭಾಷೆಯ ವಿಷಯದಲ್ಲಿ ನಮ್ಮ ಗಡಿ ಜಿಲ್ಲೆಗಳವರು ಕೀಳರಿಮೆ ಬಿಡಬೇಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಮತ್ತು ಉರ್ದು ಕೇಳಿ ಬೆಳೆದ ಶ್ರೀನಿವಾಸಪುರದ ಅಥವಾ ಪಾವಗಡದ ಹುಡುಗಿಗೆ ಇರುವ ಭಾಷಾ ಬಲ ದೊಡ್ಡ ವಿಶ್ವವಿದ್ಯಾಲಯಗಳ ಅನೇಕ ಸಂಶೋಧಕರಿಗೆ ಇಲ್ಲ. ಮಾತನಾಡಲು ಬರುವ ಭಾಷೆಯ ಲಿಪಿಯನ್ನೂ ಕಲಿತುಬಿಡಿ. ಬಾಸೆಲ್ ಕಾಗದಗಳಿಗೆ ಜರ್ಮನ್ ಬೇಕು, ಜೊತೆಗೆ ಹಳೆಯ ಜರ್ಮನ್ ಕೈಬರಹದ ಅಭ್ಯಾಸವೂ ಬೇಕು. ಹಾವಾಸ್ ದಾಖಲೆಗಳಿಗೆ ಫ್ರೆಂಚ್ ಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಮತ್ತು ಅಲಯನ್ಸ್ ಫ್ರಾನ್ಸೆಸ್‌ಗಳಲ್ಲಿ ಇವನ್ನು ಕಲಿಯಬಹುದು.

ಹಂತ 7: ವಿದೇಶದ ತುದಿ ಮತ್ತು ಪ್ರಕಟಣೆ

ಪೂರ್ಣಾವಧಿಗೆ ವಿದೇಶಕ್ಕೆ ಹೋಗಲು ಕಾಮನ್‌ವೆಲ್ತ್, ಯುರೋಪಿನ ಎರಾಸ್ಮಸ್ ಮುಂಡಸ್, ಜರ್ಮನಿಯ ಡಾಡ್ ವಿದ್ಯಾರ್ಥಿವೇತನಗಳಿವೆ. ಪರಿಶಿಷ್ಟ ಜಾತಿ ಮತ್ತು ಕೆಲವು ಇತರ ವರ್ಗಗಳವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಇಲ್ಲಿಯೇ ಪಿಎಚ್.ಡಿ. ಮಾಡುತ್ತಾ ಕೆಲವು ತಿಂಗಳು ಅಮೆರಿಕದಲ್ಲಿ ಕೆಲಸ ಮಾಡಲು ಫುಲ್‌ಬ್ರೈಟ್-ನೆಹರೂ, ಬ್ರಿಟನ್ನಿನ ಪತ್ರಾಗಾರಗಳಲ್ಲಿ ಅಲ್ಪಾವಧಿ ಸಂಶೋಧನೆಗೆ ಚಾರ್ಲ್ಸ್ ವಾಲೆಸ್ ಟ್ರಸ್ಟ್ ನೆರವು ನೀಡುತ್ತವೆ. ನನ್ನ ಅಭಿಪ್ರಾಯದಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಎರಡನೆಯ ದಾರಿಯೇ ಹೆಚ್ಚು ಹೊಂದುತ್ತದೆ. ಊರಿನ ಆಕರಗಳನ್ನು ಅರೆದು ಕುಡಿದ ಮೇಲೆ ಹೋದವರಿಗೆ ಬ್ರಿಟಿಷ್ ಲೈಬ್ರರಿಯಲ್ಲಿ ಯಾವ ಕಡತ ಕೇಳಬೇಕೆಂದು ಗೊತ್ತಿರುತ್ತದೆ.

1957ರಲ್ಲಿ ಸ್ಥಾಪನೆಯಾದ ಐಎಎಂಸಿಆರ್ ಎಂಬ ಮಾಧ್ಯಮ ಸಂಶೋಧಕರ ಅಂತರರಾಷ್ಟ್ರೀಯ ಸಂಘದಲ್ಲಿ ಇತಿಹಾಸದ ವಿಭಾಗವೇ ಇದೆ. ಅಂತರರಾಷ್ಟ್ರೀಯ ಸಂವಹನ ಸಂಘವಾದ ಐಸಿಎಯಲ್ಲಿಯೂ ಸಂವಹನ ಇತಿಹಾಸದ ವಿಭಾಗವಿದೆ. ನಿಯತಕಾಲಿಕಗಳಲ್ಲಿ ‘ಮೀಡಿಯಾ ಹಿಸ್ಟರಿ’, ‘ಹಿಸ್ಟಾರಿಕಲ್ ಜರ್ನಲ್ ಆಫ್ ಫಿಲ್ಮ್, ರೇಡಿಯೋ ಅಂಡ್ ಟೆಲಿವಿಷನ್’, ದಕ್ಷಿಣ ಏಷ್ಯಾದ ಸಿನಿಮಾಕ್ಕೆ ‘ಬಯೋಸ್ಕೋಪ್’ ಗೌರವ ಪಡೆದವು. ಹಣ ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳಿಂದ ದೂರವಿರಿ. ಪ್ರಬಂಧ ಸಲ್ಲಿಕೆಗೆ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು 2022ರ ಯುಜಿಸಿ ನಿಯಮಗಳು ಕೈಬಿಟ್ಟಿವೆ. ಆದ್ದರಿಂದ ಅವಸರಕ್ಕೆ ಕಾರಣವಿಲ್ಲ. ವಿಶ್ವವಿದ್ಯಾಲಯದ ಸ್ವಂತ ನಿಯಮವನ್ನು ಮಾತ್ರ ನೋಡಿಕೊಳ್ಳಿ.

ಹಂತ 8: ಹುದ್ದೆ, ತರಗತಿ, ಮುಂದಿನ ಸಂಶೋಧನೆ

ಸಹಾಯಕ ಪ್ರಾಧ್ಯಾಪಕರಾಗಲು ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ. ಬೇಕು, ಯುಜಿಸಿ ವೇತನದಲ್ಲಿ ಆರಂಭಿಕ ಮೂಲವೇತನ 57,700 ರೂಪಾಯಿ. ಆದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ. ನಡುವಿನ ವರ್ಷಗಳಲ್ಲಿ ಹೆಚ್ಚಿನವರು ಅತಿಥಿ ಉಪನ್ಯಾಸಕರಾಗಿ, ಕಾರ್ಯಭಾರಕ್ಕೆ ತಕ್ಕ ಗೌರವಧನದ ಮೇಲೆ ದುಡಿಯುತ್ತಾರೆ. ಅದು ಮನೆ ನಡೆಸಲು ಸಾಲುವ ಆದಾಯವಲ್ಲ ಎಂಬುದನ್ನು ಮನೆಯವರಿಗೂ ಮುಂಚಿತವಾಗಿ ತಿಳಿಸಿಯೇ ಈ ದಾರಿಗೆ ಬರಬೇಕು. ಆ ಅವಧಿಯಲ್ಲಿ ಅನುವಾದ, ಪಠ್ಯ ರಚನೆ, ಡಿಜಿಟಲೀಕರಣ ಯೋಜನೆಗಳು, ಸಮುದಾಯ ಬಾನುಲಿ ಕೇಂದ್ರಗಳ ಕೆಲಸ ವಿಷಯದೊಂದಿಗಿನ ನಂಟನ್ನೂ ಉಳಿಸುತ್ತವೆ, ಒಂದಿಷ್ಟು ಆದಾಯವನ್ನೂ ಕೊಡುತ್ತವೆ. ಪ್ರತಿ ವರ್ಷದ ಸೇವಾ ಪ್ರಮಾಣಪತ್ರವನ್ನು ಪ್ರಾಂಶುಪಾಲರ ಸಹಿ, ಮೊಹರಿನೊಂದಿಗೆ ಆ ವರ್ಷವೇ ಪಡೆದಿಟ್ಟುಕೊಳ್ಳಿ.

ತರಗತಿಯಲ್ಲಿ ನೀವು ಬೋಧಿಸಬೇಕಾಗುವುದು ವರದಿಗಾರಿಕೆ, ಸಂಪಾದನೆ, ಜಾಹೀರಾತು, ಮಾಧ್ಯಮ ಕಾನೂನು ಎಲ್ಲವನ್ನೂ. ಇತಿಹಾಸಕ್ಕೆ ಸಿಗುವುದು ಒಂದು ಘಟಕ ಮಾತ್ರ. ಆ ಒಂದು ಘಟಕವನ್ನು ಇಸವಿಗಳ ಪಟ್ಟಿಯಾಗಿಸದಿರಲು ದಾರಿಯಿದೆ. ಶಿರಾದಲ್ಲಾಗಲಿ, ಚಿಂತಾಮಣಿಯಲ್ಲಾಗಲಿ, ವಿದ್ಯಾರ್ಥಿಗಳಿಗೆ ಆ ದಿನದ ಪತ್ರಿಕೆ ತರಲು ಹೇಳಿ ವಿದೇಶಿ ಪುಟದ ಪ್ರತಿ ಸುದ್ದಿಯ ಮೂಲವನ್ನು ಗುರುತು ಹಾಕಿಸಿ. ರಾಯಿಟರ್ಸ್, ಎಎಫ್‌ಪಿ, ಎಪಿ, ಪಿಟಿಐ ಎಂಬ ಹೆಸರುಗಳು ಬರುತ್ತವೆ. ಇವುಗಳಲ್ಲಿ ಎಎಫ್‌ಪಿ 1944ರಲ್ಲಿ ಹಾವಾಸ್‌ನ ಜಾಗಕ್ಕೆ ಬಂದ ಸಂಸ್ಥೆ ಎಂದು ತಿಳಿಸಿ, 1870ರ ಹಂಚಿಕೆಯ ನಕ್ಷೆಯನ್ನು ಹಲಗೆಯ ಮೇಲೆ ಬರೆದರೆ, ಪಾಠ ಅಲ್ಲಿಂದ ತಾನಾಗಿಯೇ ಮುಂದುವರಿಯುತ್ತದೆ. ಆಫ್ರಿಕಾದ ಸುದ್ದಿಗೆ ಆಫ್ರಿಕಾದ ಸಂಸ್ಥೆಯೇಕೆ ಇಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲಿಪ್ತ ದೇಶಗಳ ವಾದವನ್ನೂ ಮೆಕ್‌ಬ್ರೈಡ್ ವರದಿಯನ್ನೂ ಆಗ ತನ್ನಿ.

ಕಾಯಂ ಹುದ್ದೆ ದೊರೆತ ಮೇಲೆ ಸಂಶೋಧನೆ ಸೊರಗುವುದು ಸಾಮಾನ್ಯ, ಏಕೆಂದರೆ ಮೌಲ್ಯಮಾಪನ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕಡತಗಳು, ಚುನಾವಣಾ ಕೆಲಸ ವರ್ಷವನ್ನೇ ನುಂಗುತ್ತವೆ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯಂಥ (ಐಸಿಎಸ್ಎಸ್ಆರ್) ಸಂಸ್ಥೆಗಳ ಕಿರು ಯೋಜನೆಗೆ ಅರ್ಜಿ ಹಾಕಿ, ರಜೆಯ ಒಂದು ಭಾಗವನ್ನು ಪತ್ರಾಗಾರಕ್ಕೆಂದೇ ಮೀಸಲಿಡಿ. ಪಿಎಚ್.ಡಿ. ಇರುವ ಕಾಯಂ ಸಹಾಯಕ ಪ್ರಾಧ್ಯಾಪಕರು ಕನಿಷ್ಠ ಮೂರು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದ್ದರೆ, ವಿಶ್ವವಿದ್ಯಾಲಯದ ಮಾನ್ಯತೆ ಪಡೆದು ಮಾರ್ಗದರ್ಶಕರಾಗಬಹುದು. ಒಂದು ಕಾಲಕ್ಕೆ ನಾಲ್ವರವರೆಗೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು. ಆ ಹೊತ್ತಿಗೆ ನೀವು ಚಿತ್ರ ತೆಗೆದು ಹೆಸರಿಟ್ಟ ಸಂಚಿಕೆಗಳ, ಧ್ವನಿಮುದ್ರಿಸಿದ ಸಂದರ್ಶನಗಳ ಒಂದೊಂದು ಪ್ರತಿಯನ್ನು, ಮಾತು ಕೊಟ್ಟವರ ಲಿಖಿತ ಒಪ್ಪಿಗೆಯೊಂದಿಗೆ ವಿಭಾಗದ ಗ್ರಂಥಾಲಯಕ್ಕೆ ಒಪ್ಪಿಸಿ, ಅದಕ್ಕೊಂದು ಸೂಚಿಪಟ್ಟಿಯನ್ನೂ ಮಾಡಿಡಿ; ಹೊಸದಾಗಿ ಸೇರುವ ಸಂಶೋಧಕರು ತಮ್ಮ ಮೊದಲ ಆರು ತಿಂಗಳ ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.